ಗುಳೆ ಹೋದ ಮಗುವೂ ಶಾಲೆಯ ಹೊಣೆಯೂ



2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.8. ಅಂದು ರಾಜ್ಯದಲ್ಲೇ ಅದು ಕನಿಷ್ಠ. ಬಡತನವೊಂದನ್ನೇ ದೂರಿ ನಾವು ಸುಮ್ಮನಾಗುವಂತಿಲ್ಲ. ಶಹಾಪುರ, ಸುರಪುರಗಳಿಂದ ಬೆಂಗಳೂರು, ಮುಂಬಯಿಗೆ ಗುಳೆ ಹೋಗುವ ಕುಟುಂಬಗಳೊಂದಿಗೆ ಮಕ್ಕಳೂ ಹೋಗುತ್ತಾರೆ. ಮರಳಿದಾಗ ವರ್ಗಾವಣೆ ಪತ್ರ ತಡವಾಯಿತೆಂದು ಶಾಲೆಯು ಅವರನ್ನು ಹಿಂದೆ ಕಳುಹಿಸುವಂತಿಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ವಯಸ್ಸಿಗೆ ತಕ್ಕ ತರಗತಿಯಲ್ಲಿ ಪ್ರವೇಶವನ್ನೂ, ತಪ್ಪಿಹೋದ ಪಾಠಕ್ಕಾಗಿ ವಿಶೇಷ ತರಬೇತಿಯನ್ನೂ ಮಗುವಿನ ಹಕ್ಕಾಗಿಸಿದೆ. ಇದು ಯಾರ ಔದಾರ್ಯವೂ ಅಲ್ಲ.

ಆದರೆ ಹಾಜರಿ ಪುಸ್ತಕದಲ್ಲಿ ಹೆಸರು ಬಂದರೆ ಸಾಲದು. ಮನೆಯಲ್ಲಿ ದಖ್ಖನಿ ಉರ್ದು ಆಡುವ ಮಗು ಕನ್ನಡದ ಪಾಠ ತಿಳಿಯದೆ ಮೌನವಾಗಿ ಕುಳಿತರೆ ಅದನ್ನು ದಡ್ಡನೆಂದು ಕರೆಯುವುದು ಅನ್ಯಾಯ. ತಾಂಡಾದ ಲಂಬಾಣಿ ಮಗುವಿನ ಪಾಡೂ ಇದೇ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿಯು ಹೇಳುತ್ತದೆ. ಉರ್ದು ಶಾಲೆಯಿಲ್ಲದ ಊರಿನಲ್ಲಿ ಮಗುವಿನ ಮಾತು ಬಲ್ಲ ಒಬ್ಬ ಶಿಕ್ಷಕರಾದರೂ ಬೇಡವೇ?

ಹಾಗೆಂದು ಕನ್ನಡದಿಂದ ದೂರ ಉಳಿಯುವುದು ನಮಗೆ ನಾವೇ ಎಸಗುವ ದ್ರೋಹ. ಪ್ರವಾದಿವರ್ಯರು(ಸ) ಝೈದ್ ಬಿನ್ ಸಾಬಿತ್‌(ರ)ರಿಗೆ ಯಹೂದಿಯರ ಲಿಪಿ ಕಲಿಯಲು ಆದೇಶಿಸಿದ್ದರು. ನಮ್ಮ ಕನ್ನಡವಂತೂ ನಾವು ಹುಟ್ಟಿದ ನೆಲದ ಭಾಷೆ.

ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ಅದೇ ಕಾಯ್ದೆ ವಿಧಿಸಿದೆ. ನಮ್ಮ ತಾಯಂದಿರು ಅಲ್ಲಿ ಎಷ್ಟು ಮಂದಿ? ಮಿನಾರಕ್ಕಾಗಿ ವರ್ಷಗಟ್ಟಲೆ ಚಂದಾ ಎತ್ತುವ ಜಮಾಅತ್‌ಗಳು, ಜೂನ್ ತಿಂಗಳ ಒಂದು ಜುಮುಅಃದಂದು ಗುಳೆಯಿಂದ ಮರಳಿದ ಮಕ್ಕಳ ಪಟ್ಟಿ ಮಾಡಿ ಮುಖ್ಯೋಪಾಧ್ಯಾಯರ ಮುಂದಿಡಲಿ.