ಮೋಟಾರಿನ ವೇಗ ನಮ್ಮ ಕೈಯಲ್ಲಿ
(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವಿಜ್ಞಾನ ಮೇಳದ ಮಾದರಿಗಳಿಗೆ ನೀವು 12 ವೋಲ್ಟಿನ ಚಿಕ್ಕ ಡಿ.ಸಿ. ಮೋಟಾರನ್ನು ಬಳಸುತ್ತೀರಿ. ಬ್ಯಾಟರಿಗೆ ಜೋಡಿಸಿದೊಡನೆ ಅದು ಪೂರ್ಣ ವೇಗದಲ್ಲಿ ಓಡುತ್ತದೆ. ಅದನ್ನು ನಿಧಾನ ಮಾಡುವುದು ಹೇಗೆ?

ಮೊದಲು ಹೊಳೆಯುವ ಉಪಾಯ ರೆಸಿಸ್ಟರ್. ಹಳೆಯ ಸೀಲಿಂಗ್ ಫ್ಯಾನಿನ ದೊಡ್ಡ ರೆಗ್ಯುಲೇಟರ್ ಬಿಸಿಯಾಗುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಒಂದು ಆಂಪಿಯರ್ ಎಳೆಯುವ ಮೋಟಾರಿಗೆ 6 ವೋಲ್ಟ್ ಮಾತ್ರ ಸಿಗಲೆಂದು 6 ಓಮಿನ ರೆಸಿಸ್ಟರ್ ಹಾಕಿದರೆ, 6 ವ್ಯಾಟ್ ಶಾಖವಾಗಿ ವ್ಯರ್ಥ. ಮೋಟಾರಿಗೆ ಸಿಗುವುದೂ ಅಷ್ಟೇ! ಭಾರ ಬಿದ್ದಾಗ ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತದೆ. ಆಗ ರೆಸಿಸ್ಟರ್ ಇನ್ನಷ್ಟು ವೋಲ್ಟೇಜನ್ನು ತಿಂದುಬಿಡುತ್ತದೆ. ಶಕ್ತಿ ಬೇಕಾದ ಹೊತ್ತಿನಲ್ಲೇ ಮೋಟಾರು ಸೋಲುತ್ತದೆ.

ಸರಿಯಾದ ದಾರಿ ಬೇರೆ. ಕರೆಂಟನ್ನು ಅರ್ಧಂಬರ್ಧ ಕೊಡಬಾರದು; ಪೂರ್ತಿ ಕೊಟ್ಟು, ಪೂರ್ತಿ ನಿಲ್ಲಿಸಬೇಕು, ಅದೂ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಬಾರಿ. ಅರ್ಧ ಸಮಯ ಕೊಟ್ಟರೆ ಸರಾಸರಿ 6 ವೋಲ್ಟ್, ಕಾಲು ಭಾಗ ಕೊಟ್ಟರೆ 3 ವೋಲ್ಟ್. ಇದೇ ಪಲ್ಸ್ ವಿಡ್ತ್ ಮಾಡ್ಯುಲೇಶನ್, ಅಂದರೆ ಪಿ.ಡಬ್ಲ್ಯು.ಎಂ.

ಇದಕ್ಕೆ 555 ಟೈಮರ್ ಐಸಿ ಸಾಕು. ಹ್ಯಾನ್ಸ್ ಕ್ಯಾಮೆನ್‌ಜಿಂಡ್ ರೂಪಿಸಿದ ಇದು 1972ರಲ್ಲಿ ಮಾರುಕಟ್ಟೆಗೆ ಬಂತು. ಇಂದಿಗೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುತ್ತದೆ. ಜೋಡಣೆ ಹೀಗೆ: 4 ಮತ್ತು 8ನೇ ಕಾಲುಗಳು ಪ್ಲಸ್‌ಗೆ, 1ನೆಯದು ಮೈನಸ್‌ಗೆ. 2 ಮತ್ತು 6ನ್ನು ಒಂದುಗೂಡಿಸಿ, ಅಲ್ಲಿಂದ ಮೈನಸ್‌ಗೆ 0.01 ಮೈಕ್ರೋಫ್ಯಾರಡ್ ಕೆಪಾಸಿಟರ್. 7ನೇ ಕಾಲಿನಿಂದ ಪ್ಲಸ್‌ಗೆ 1 ಕಿಲೋ ಓಮ್. ಅದೇ 7ರಿಂದ ಎರಡು 1ಎನ್4148 ಡಯೋಡುಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ 100 ಕಿಲೋ ಓಮಿನ ಪೊಟೆನ್ಷಿಯೋಮೀಟರಿನ ಎರಡು ತುದಿಗಳಿಗೆ ಕೊಡಿ. ಅದರ ನಡುವಿನ ಕಾಲು 2 ಮತ್ತು 6ಕ್ಕೆ. 3ನೇ ಕಾಲಿನಿಂದ 100 ಓಮ್ ಮೂಲಕ ಐಆರ್‌ಎಫ್‌ಜಡ್44ಎನ್ ಮಾಸ್‌ಫೆಟ್‌ನ ಗೇಟಿಗೆ. ಸೋರ್ಸ್ ಮೈನಸ್‌ಗೆ, ಡ್ರೈನ್ ಮತ್ತು ಪ್ಲಸ್ ನಡುವೆ ಮೋಟಾರು.

ಇನ್ನು ಮುಖ್ಯವಾದ ಮಾತು. ಕರೆಂಟ್ ನಿಂತ ಕ್ಷಣ ಮೋಟಾರಿನ ಸುರುಳಿ ದೊಡ್ಡ ವೋಲ್ಟೇಜನ್ನು ಹೊಮ್ಮಿಸುತ್ತದೆ; ಮಾಸ್‌ಫೆಟ್ ಸುಟ್ಟುಹೋಗಬಹುದು. ಆದ್ದರಿಂದ ಮೋಟಾರಿಗೆ ಅಡ್ಡಲಾಗಿ 1ಎನ್5822 ಡಯೋಡ್ ಹಾಕಿ. ಅದರ ಪಟ್ಟೆಯಿರುವ ತುದಿ ಪ್ಲಸ್ ಕಡೆಗಿರಲಿ. ಸುಟ್ಟ ಮಾಸ್‌ಫೆಟ್ ಸಾಮಾನ್ಯವಾಗಿ ಒಳಗೇ ಶಾರ್ಟ್ ಆಗುತ್ತದೆ. ಆಗ ಮೋಟಾರು ನಿಲ್ಲುವುದಿಲ್ಲ, ಪೂರ್ಣ ವೇಗದಲ್ಲಿ ಓಡುತ್ತದೆ! ಹೀಗಾಗಿ ಬ್ಯಾಟರಿಯ ತಂತಿಯಲ್ಲಿ ಫ್ಯೂಸ್ ಮತ್ತು ಸ್ವಿಚ್ ಇರಲೇಬೇಕು. ಮೊದಲು ಮೋಟಾರಿನ ಬದಲು ಬೈಕಿನ 12 ವೋಲ್ಟ್ ಇಂಡಿಕೇಟರ್ ಬಲ್ಬ್ ಹಾಕಿ ಪರೀಕ್ಷಿಸಿ. ತಿರುಗುಗುಂಡಿಗೆ ತಕ್ಕಂತೆ ಬೆಳಕು ಏರಿಳಿದರೆ ಜೋಡಣೆ ಸರಿ. ಮನೆಯ 230 ವೋಲ್ಟಿಗೆ ಇದನ್ನು ಎಂದಿಗೂ ಜೋಡಿಸಬೇಡಿ.

ಸಿದ್ಧ ಬೋರ್ಡು ಅಂಗಡಿಯಲ್ಲಿ ಸಿಗುತ್ತದಲ್ಲ ಎಂದು ನೀವು ಕೇಳಬಹುದು. ಕೊಂಡು ತಂದದ್ದು ಕೆಟ್ಟರೆ ಎಸೆಯುತ್ತೇವೆ. ಕೈಯಾರೆ ಕಟ್ಟಿದ್ದು ಕೆಟ್ಟರೆ ಯಾವ ಭಾಗ ಕೆಟ್ಟಿತೆಂದು ಹುಡುಕುತ್ತೇವೆ. ಇಂದಿನ ಎಲೆಕ್ಟ್ರಿಕ್ ಸ್ಕೂಟರು, ಆಟೋಗಳ ಕಂಟ್ರೋಲರಿನಲ್ಲೂ ಇದೇ ತತ್ವವಿದೆ. ಅವನ್ನು ರಿಪೇರಿ ಮಾಡುವ ಕೈಗಳು ಊರೂರಿಗೂ ಬೇಕು. ಆ ಕೈಗಳು ನಿಮ್ಮದಾಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.