ದಡದಲ್ಲಿ ನಿಂತವರು



ವರ್ಣಭೇದ ನೀತಿ ಅಳಿದ ಬಳಿಕ, ದಕ್ಷಿಣ ಆಫ್ರಿಕದಲ್ಲಿ ಡೆಸ್ಮಂಡ್ ಟುಟು ಅವರ ಆಯೋಗ 1996ರಲ್ಲಿ ವಿಚಾರಣೆಗೆ ಕುಳಿತಿತು. ಕ್ಷಮಾದಾನಕ್ಕೆ ಅಲ್ಲಿ ಪಶ್ಚಾತ್ತಾಪ ಕಡ್ಡಾಯವಿರಲಿಲ್ಲ. ಮಾಡಿದ್ದನ್ನು ಮುಚ್ಚಿಡದೆ ಹೇಳಬೇಕಿತ್ತು. ಮೊದಲು ನನಗಿದು ವಿಚಿತ್ರವೆನಿಸಿತ್ತು.

ನಮ್ಮ ಬಿ. ವಿ. ಕಾರಂತರ ‘ಚೋಮನ ದುಡಿ’ (1975) ಚಿತ್ರದಲ್ಲಿ ಚೋಮನ ಮಗ ನೀರಿನಲ್ಲಿ ಮುಳುಗುತ್ತಾನೆ. ಮುಟ್ಟಿದರೆ ಮೈಲಿಗೆಯೆಂದು ದಡದ ಜನ ಸುಮ್ಮನೆ ನಿಲ್ಲುತ್ತಾರೆ. ಚೋಮನ ಕ್ಷಮೆಯನ್ನು ಯಾರೂ ಬೇಡುವುದಿಲ್ಲ. ಉಳಿಯುವುದು ದುಡಿಯ ಸದ್ದು.

ಕಡೂರಿನಲ್ಲಿ ಈ ಚಿತ್ರ ನೋಡಿ ಹೊರಬಂದಾಗ ಹಿರಿಯರೊಬ್ಬರು, “ಆ ದಡದಲ್ಲಿ ನಾನೂ ನಿಂತವನೇ ಮೇಷ್ಟ್ರೇ, ನಮ್ಮ ಅಜ್ಜಂಪುರದ ಕಡೆಯ ಬಾವಿಕಟ್ಟೆಯ ಮೇಲೆ. ನೀರು ಬೇಡಿ ಬಂದವರನ್ನು ಅಟ್ಟಿದೆ” ಎಂದರು. ಅದನ್ನು ಅವರಿಗೇ ಹೋಗಿ ಹೇಳಿದಿರಾ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ನನ್ನ ತರೀಕೆರೆಯಲ್ಲೂ ಬಾವಿಗಳಿದ್ದವು.