ಗುದನಾಳದ ಕ್ಯಾನ್ಸರ್: ರಕ್ತಪರೀಕ್ಷೆ ಹೇಳುವುದೆಷ್ಟು, ಹೇಳದಿರುವುದೆಷ್ಟು?

(ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ಭಾಗದ ರೈತರ ಸಭೆಯಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣ)



ಈ ದಿನ ನಾನು ಎತ್ತಿಕೊಂಡಿರುವ ವಿಷಯ ನಾಲ್ಕು ಜನರ ಮುಂದೆ ಆಡುವಂಥದಲ್ಲವೆಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಮಲದಲ್ಲಿ ರಕ್ತ ಬಿದ್ದರೆ ಗಂಡ ಹೆಂಡತಿಗೆ ಹೇಳುವುದಿಲ್ಲ. ತಾಯಿ ಮಗನಿಗೆ ಹೇಳುವುದಿಲ್ಲ. ಹೀಗೆ ಆರು ತಿಂಗಳು, ವರ್ಷ ಕಳೆದು ದೊಡ್ಡಾಸ್ಪತ್ರೆ ಸೇರುವ ಹೊತ್ತಿಗೆ ರೋಗ ಬಲಿತಿರುತ್ತದೆ. ಆದುದರಿಂದ ಸಂಕೋಚವನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಕೇಳಬೇಕೆಂದು ಪ್ರಾರ್ಥಿಸುತ್ತೇನೆ.

ಮಾತಾಡಲು ಇನ್ನೊಂದು ಕಾರಣವೂ ಉಂಟು. ಪೇಟೆಯಲ್ಲಿ ರಕ್ತ ಕೊಟ್ಟರೆ ಕ್ಯಾನ್ಸರ್ ಇದೆಯೋ ಇಲ್ಲವೋ ತಿಳಿಯುತ್ತದೆ ಎಂಬ ನಂಬಿಕೆ ಈಚೆಗೆ ಹಳ್ಳಿಗಳಿಗೂ ಬಂದಿದೆ. ಒಬ್ಬರು ರಕ್ತ ಬೀಳುತ್ತಿದ್ದರೂ "ನಾರ್ಮಲ್ ಬಂದೈತ್ರಿ" ಎಂದು ಚೀಟಿ ಮಡಚಿ ಕಿಸೆಯಲ್ಲಿಟ್ಟುಕೊಂಡು ಮೂಲವ್ಯಾಧಿಯ ಮುಲಾಮು ಹಚ್ಚುತ್ತಾ ಕೂಡುತ್ತಾರೆ. ಇನ್ನೊಬ್ಬರು, ಯಾವ ರೋಗವೂ ಇಲ್ಲದಿದ್ದರೂ, ಅಂಕಿ ಸ್ವಲ್ಪ ಹೆಚ್ಚು ಬಂತೆಂದು ಊಟ ಬಿಟ್ಟು ಮಲಗುತ್ತಾರೆ. ಇಬ್ಬರಿಗೂ ಆ ಅಂಕಿಯ ಅರ್ಥ ತಿಳಿದಿಲ್ಲ.

ಮೊದಲು ಅಂಗದ ವಿಚಾರ. ದೊಡ್ಡ ಕರುಳಿನ ಕೊನೆಯ ಭಾಗವೇ ಗುದನಾಳ. ಅದರ ಉದ್ದ ಸುಮಾರು 12ರಿಂದ 15 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ಕಡಿಮೆ. ಮಲ ಹೊರಬೀಳುವ ಮುನ್ನ ಇಲ್ಲಿ ನಿಲ್ಲುತ್ತದೆ. ಇದರ ಒಳಪದರದಲ್ಲಿ ಹುಟ್ಟುವ ಗಡ್ಡೆ ಅಥವಾ ಹುಣ್ಣು ಮೊದಮೊದಲು ನೋಯುವುದಿಲ್ಲ. ಮಲದೊಡನೆ ರಕ್ತ ಅಥವಾ ಲೋಳೆ ಬೀಳುವುದು, ಹಿಂದೆ ಸರಿಯಿದ್ದ ಹೊರಕಡೆಯ ಅಭ್ಯಾಸ ಕಾರಣವಿಲ್ಲದೆ ಬದಲಾಗುವುದು, ಹೋಗಿ ಬಂದರೂ ಪೂರ್ತಿ ಆಗಲಿಲ್ಲವೆನಿಸುವುದು, ಮಲ ತೆಳ್ಳಗೆ ಬರುವುದು, ಸುಮ್ಮನೆ ಸುಸ್ತಾಗಿ ಮೈ ಬಿಳಿಚಿಕೊಳ್ಳುವುದು, ತೂಕ ಇಳಿಯುವುದು ಇದರ ಲಕ್ಷಣಗಳು. ಮೂಲವ್ಯಾಧಿಯಲ್ಲಿಯೂ ರಕ್ತ ಬೀಳುತ್ತದೆ, ನಿಜ. ರಕ್ತ ಬೀಳುವವರಲ್ಲಿ ಹೆಚ್ಚಿನವರಿಗೆ ಇರುವುದು ಮೂಲವ್ಯಾಧಿಯೇ. ಆದರೆ ಯಾವುದರ ರಕ್ತವೆಂದು ಬಣ್ಣ ನೋಡಿ ಹೇಳಲು ಯಾರಿಂದಲೂ ಆಗದು. ಗೋಡೆಯ ಮೇಲೆ "ಗ್ಯಾರಂಟಿ ಚಿಕಿತ್ಸೆ" ಎಂದು ಬರೆಸಿರುವವರಿಂದಂತೂ ಆಗುವುದೇ ಇಲ್ಲ. ವಯಸ್ಸಾದವರಿಗೆ ಮಾತ್ರ ಬರುವ ರೋಗವೆಂದೂ ತಿಳಿಯಬೇಡಿ. ನಮ್ಮ ದೇಶದಲ್ಲಿ 50 ವರ್ಷ ತುಂಬದವರಲ್ಲಿಯೂ ಇದು ಸಾಕಷ್ಟು ಕಾಣುತ್ತದೆ.

ಇನ್ನು ರಕ್ತದ ವಿಚಾರಕ್ಕೆ ಬರೋಣ. 1965ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಎಂಬ ಇಬ್ಬರು ವೈದ್ಯ ವಿಜ್ಞಾನಿಗಳು ಕರುಳಿನ ಕ್ಯಾನ್ಸರ್ ಗಡ್ಡೆಯ ಸಾರವನ್ನು ಮೊಲಗಳಿಗೆ ಚುಚ್ಚಿ ಪ್ರಯೋಗ ಮಾಡಿದರು. ಗಡ್ಡೆಯಲ್ಲಿ ಒಂದು ವಿಶೇಷ ಸಸಾರಜನಕ ವಸ್ತು ಇರುವುದು ಅವರಿಗೆ ಕಂಡುಬಂತು. ಆ ವಸ್ತು ತಾಯಿಯ ಹೊಟ್ಟೆಯಲ್ಲಿರುವ ಕೂಸಿನ ಕರುಳಿನಲ್ಲಿಯೂ ಇತ್ತು. ಕೂಸು ಬೆಳೆಯುವಾಗ ಹೇರಳವಾಗಿ ತಯಾರಾಗಿ, ಹುಟ್ಟಿದ ಮೇಲೆ ಬಹುಮಟ್ಟಿಗೆ ನಿಂತುಹೋಗುವ ಈ ವಸ್ತುವನ್ನು ಕ್ಯಾನ್ಸರ್ ಕಣಗಳು ಮತ್ತೆ ತಯಾರಿಸತೊಡಗುತ್ತವೆ. ಅದನ್ನೇ ಸಿ.ಇ.ಎ. ಎಂದು ಕರೆಯುತ್ತಾರೆ. ಗಡ್ಡೆಯ ಇರವನ್ನು ರಕ್ತದಲ್ಲಿ ತೋರಿಸುವ ಇಂಥ ವಸ್ತುಗಳಿಗೆ ಟ್ಯೂಮರ್ ಮಾರ್ಕರ್ ಎಂದು ಹೆಸರು.

ಬಹಳಷ್ಟು ಲ್ಯಾಬುಗಳಲ್ಲಿ ಒಂದು ಮಿಲಿಲೀಟರ್ ರಕ್ತದಲ್ಲಿ 5 ನ್ಯಾನೋಗ್ರಾಂವರೆಗೆ ಸಹಜವೆಂದು ಬರೆದಿರುತ್ತಾರೆ. ಇದೆಷ್ಟು ಸಣ್ಣ ಅಳತೆಯೆಂದರೆ, ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿಯನ್ನು ನೋಡಿದವರಿಗೆ ಬೇಗ ತಿಳಿದೀತು. ಅಲ್ಲಿ ಒಂದು ಟನ್ ಕಲ್ಲು ಅರೆದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಈ ವಸ್ತುವಾದರೋ, ಒಂದು ಟನ್ ರಕ್ತವಿದ್ದರೆ ಅದರಲ್ಲಿ 5 ಮಿಲಿಗ್ರಾಂ! ಇಷ್ಟು ಸಣ್ಣದನ್ನು ಅಳೆಯುವಾಗ ಒಂದು ಲ್ಯಾಬಿನ ಯಂತ್ರಕ್ಕೂ ಇನ್ನೊಂದರ ಯಂತ್ರಕ್ಕೂ ವ್ಯತ್ಯಾಸ ಬರುವುದು ಸಹಜ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈ ಅಂಕಿಯ ಗುಣವನ್ನು ತಿಳಿಯಲು ನಿಮಗೆ ವೈದ್ಯಶಾಸ್ತ್ರ ಬೇಕಿಲ್ಲ. ತುಂಗಭದ್ರಾ ಎಡದಂಡೆ ನಾಲೆಯ ಗೇಜ್ ನೋಡಿ ಜೀವನ ಮಾಡುವವರು ನೀವು. 69ನೇ ಮೈಲಿನಲ್ಲಿ ಗೇಜ್ ಎಷ್ಟಿದೆ ಎಂದು ಕೊನೆ ಭಾಗದ ರೈತರು ಕೇಳದ ದಿನವಿಲ್ಲ. ಆ ಕೋಲಿನ ಮೇಲಿನ ಒಂದು ದಿನದ ಅಂಕಿಯನ್ನು ಮಾತ್ರ ನೋಡಿ ನಾಲೆಯ ಕಥೆಯನ್ನೆಲ್ಲ ಹೇಳಲಾದೀತೆ? ಎಲ್ಲೋ ಇಲಿಯ ಬಿಲದಷ್ಟು ಸೋರಿಕೆ ಇದ್ದರೆ ಗೇಜ್ ಕದಲುವುದೇ ಇಲ್ಲ. ಹಳ್ಳದ ನೀರು ಬಂದು ಸೇರಿದರೆ ಬೋಂಗಾ ಬೀಳದಿದ್ದರೂ ಗೇಜ್ ಬದಲಾಗುತ್ತದೆ. ಆದರೆ ಬೋಂಗಾ ಮುಚ್ಚಿದ ಮೇಲೆ ದಿನದಿನವೂ ಗೇಜ್ ಬರೆದಿಟ್ಟರೆ, ಮಟ್ಟ ನಿಂತಿದೆಯೋ ಮತ್ತೆ ಸರಿಯುತ್ತಿದೆಯೋ ತಿಳಿಯುತ್ತದೆ. ಸರಿಯುತ್ತಿದ್ದರೆ ದಂಡೆಯ ಮೇಲೆ ನಡೆದು ಎಲ್ಲೆಂದು ಹುಡುಕಬೇಕು. ಗೇಜ್ ಜಾಗ ತೋರಿಸುವುದಿಲ್ಲ.

ಸಿ.ಇ.ಎ. ಕೂಡ ಹೀಗೆಯೇ. ಗಡ್ಡೆ ಚಿಕ್ಕದಿರುವಾಗ ಬಹಳ ಜನರಲ್ಲಿ ಅಂಕಿ ಸಹಜವಾಗಿಯೇ ಇರುತ್ತದೆ. ಕೆಲವರಲ್ಲಿ ರೋಗ ಬಲಿತರೂ ಏರುವುದಿಲ್ಲ. ಇನ್ನೊಂದು ಕಡೆ, ಬೀಡಿ ಸಿಗರೇಟು ಸೇದುವವರಲ್ಲಿ ರೋಗವಿಲ್ಲದೆಯೂ ಸ್ವಲ್ಪ ಹೆಚ್ಚಿರುತ್ತದೆ. ಕುಡಿತದಿಂದ ಈಲಿ ಕೆಟ್ಟವರಲ್ಲಿ, ಕಾಮಾಲೆಯಲ್ಲಿ, ಜಠರದ ಹುಣ್ಣಿನಲ್ಲಿ, ಕರುಳಿನ ಉರಿಯೂತದಲ್ಲಿ ಏರಬಹುದು. ಆದುದರಿಂದಲೇ ರೋಗ ಇದೆಯೋ ಇಲ್ಲವೋ ಎಂದು ಕಂಡುಹಿಡಿಯಲು ಈ ಪರೀಕ್ಷೆಯನ್ನು ಬಳಸಬಾರದೆಂದು ವೈದ್ಯಲೋಕ ತೀರ್ಮಾನಿಸಿದೆ.

ಹಾಗಾದರೆ ರೋಗವನ್ನು ಕಂಡುಹಿಡಿಯುವುದು ಯಾವುದರಿಂದ? ಮೊದಲನೆಯದು, ವೈದ್ಯರ ಬೆರಳು. ನಗಬೇಡಿ. ಕೈಚೀಲ ಹಾಕಿಕೊಂಡು ಬೆರಳಿನಿಂದ ಪರೀಕ್ಷಿಸಿದರೆ ಗುದನಾಳದ ಕೆಳಭಾಗದ ಗಡ್ಡೆ ಕೈಗೆ ಸಿಕ್ಕುತ್ತದೆ. ಒಂದೆರಡು ನಿಮಿಷದ ಕೆಲಸ, ಯಂತ್ರ ಬೇಕಿಲ್ಲ. ತಾಯಂದಿರು ಮಹಿಳಾ ವೈದ್ಯರನ್ನು ಕೇಳಬಹುದು. ಬೆರಳಿಗೆ ನಿಲುಕದ್ದನ್ನು ದುರ್ಬೀನಿನ ನಳಿಕೆ ಹಾಕಿ ನೋಡಿ, ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಆ ಚೂರು ಹೇಳಿದ್ದೇ ಕೊನೆಯ ಮಾತು. ಸರಕಾರ ಹಳ್ಳಿಗಳಲ್ಲಿ ನಡೆಸುವ ಕ್ಯಾನ್ಸರ್ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕೊರಳು ಈ ಮೂರು ಸೇರಿವೆ, ಗುದನಾಳ ಸೇರಿಲ್ಲ. ಆದುದರಿಂದ ಲಕ್ಷಣ ಎರಡು ಮೂರು ವಾರ ನಿಲ್ಲದಿದ್ದರೆ ನಾವಾಗಿಯೇ ಹೋಗಬೇಕು.

ರೋಗ ಖಚಿತವಾದ ಮೇಲೆ ರಕ್ತಪರೀಕ್ಷೆಯ ನಿಜವಾದ ಕೆಲಸ ಶುರುವಾಗುತ್ತದೆ. ಚಿಕಿತ್ಸೆಗೆ ಮುಂಚೆಯೇ ಒಮ್ಮೆ ಸಿ.ಇ.ಎ. ನೋಡಿ ಬರೆದಿಡಬೇಕು. ಗುದನಾಳದ ಕ್ಯಾನ್ಸರಿನಲ್ಲಿ ಅನೇಕರಿಗೆ ಮೊದಲು ಕಿರಣ ಚಿಕಿತ್ಸೆ ಮತ್ತು ಔಷಧ ಕೊಟ್ಟು ಗಡ್ಡೆ ಕುಗ್ಗಿಸಿ, ಆಮೇಲೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಗಡ್ಡೆ ಪೂರ್ತಿ ಹೋದರೆ, ಏರಿದ್ದ ಅಂಕಿ ಸಾಮಾನ್ಯವಾಗಿ ನಾಲ್ಕಾರು ವಾರಗಳಲ್ಲಿ ಸಹಜಕ್ಕೆ ಇಳಿಯುತ್ತದೆ. ಇಳಿಯದಿದ್ದರೆ ಎಲ್ಲೋ ರೋಗ ಉಳಿದಿರಬಹುದೆಂದು ವೈದ್ಯರು ಹುಡುಕುತ್ತಾರೆ. ಔಷಧ ಕೊಡುವ ಮೊದಲ ಕೆಲವು ವಾರಗಳಲ್ಲಿ ಅಂಕಿ ತಾತ್ಕಾಲಿಕವಾಗಿ ಏರುವುದುಂಟು. ಅದಕ್ಕೆ ಹೆದರಿ ಔಷಧ ಬಿಡಬಾರದು.

ಮರುಕಳಿಸುವ ರೋಗ ಹೆಚ್ಚಾಗಿ ಮೊದಲ ಮೂರು ವರ್ಷಗಳಲ್ಲಿಯೇ ಕಾಣಿಸಿಕೊಳ್ಳುತ್ತದೆ. ಹೀಗಾಗಿ ಮೊದಲ ಎರಡು ಮೂರು ವರ್ಷ 3ರಿಂದ 6 ತಿಂಗಳಿಗೊಮ್ಮೆ, ಅನಂತರ 5 ವರ್ಷ ತುಂಬುವವರೆಗೆ 6 ತಿಂಗಳಿಗೊಮ್ಮೆ ಸಿ.ಇ.ಎ. ನೋಡುವುದು ರೂಢಿ. ಜೊತೆಗೆ ವೈದ್ಯರು ಹೇಳಿದಂತೆ ಸ್ಕ್ಯಾನು, ದುರ್ಬೀನು ತಪಾಸಣೆ. ಈಲಿಯಲ್ಲಿಯೋ ಶ್ವಾಸಕೋಶದಲ್ಲಿಯೋ ಒಂದೆರಡು ಚಿಕ್ಕ ಗಂಟು ಇರುವಾಗಲೇ ಸಿಕ್ಕಿದರೆ ಅದನ್ನೂ ತೆಗೆಯಬಹುದು, ಹಾಗೆ ಗುಣವಾದವರಿದ್ದಾರೆ. ಬ್ರಿಟನ್ನಿನ 39 ಆಸ್ಪತ್ರೆಗಳಲ್ಲಿ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ 1,202 ಮಂದಿಯ ಮೇಲೆ ನಡೆದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಲಕ್ಷಣ ಕಂಡಾಗ ಮಾತ್ರ ನೋಡಿದ ಗುಂಪಿನಲ್ಲಿ ನೂರಕ್ಕೆ 2.3 ಮಂದಿಗೆ ಮರುಕಳಿಸಿದ ರೋಗವನ್ನು ಗುಣಪಡಿಸುವ ಉದ್ದೇಶದ ಶಸ್ತ್ರಚಿಕಿತ್ಸೆ ಸಾಧ್ಯವಾಯಿತು, ತಪ್ಪದೆ ಸಿ.ಇ.ಎ. ನೋಡಿದ ಗುಂಪಿನಲ್ಲಿ ನೂರಕ್ಕೆ 6.7 ಮಂದಿಗೆ. ಬದುಕುಳಿದವರ ಒಟ್ಟು ಸಂಖ್ಯೆಯಲ್ಲಿ ಮಾತ್ರ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಬೇಕು. ಇದು ಸಂಜೀವಿನಿಯಲ್ಲ, ಕಾವಲು.

ಸಿ.ಎ. 19-9 ಎಂಬ ಇನ್ನೊಂದು ಪರೀಕ್ಷೆಯ ಹೆಸರೂ ಕೇಳಿರಬಹುದು. ಅದರ ಉಪಯೋಗ ಮುಖ್ಯವಾಗಿ ಮೇದೋಜೀರಕ ಗ್ರಂಥಿ ಮತ್ತು ಪಿತ್ತನಾಳದ ಕ್ಯಾನ್ಸರಿನಲ್ಲಿ. ಕೆಲವರ ದೇಹ ಹುಟ್ಟಿನಿಂದಲೇ ಆ ವಸ್ತುವನ್ನು ತಯಾರಿಸುವುದಿಲ್ಲ. ವೈದ್ಯರು ಬರೆಯದಿದ್ದರೆ ನೀವಾಗಿ ಹಣ ಸುರಿಯಬೇಡಿ.

ಪರೀಕ್ಷೆಗೆ ಉಪವಾಸ ಬೇಕಿಲ್ಲ. ಆದರೆ ಪ್ರತಿ ಸಲವೂ ಒಂದೇ ಲ್ಯಾಬಿನಲ್ಲಿ ಮಾಡಿಸಿ. ಹೋದ ಸಲ ರಾಯಚೂರು, ಈ ಸಲ ಬಳ್ಳಾರಿ ಎಂದರೆ ಎರಡು ಬೇರೆ ಬೇರೆ ಗೇಜ್ ಕೋಲು ಹಿಡಿದಂತಾಯಿತು. ಎಲ್ಲ ಚೀಟಿಗಳನ್ನೂ ತಾರೀಖಿನಂತೆ ಒಂದು ಚೀಲದಲ್ಲಿಡಿ. ಮಸ್ಕಿಯ ಬಂಡೆಯ ಮೇಲೆ ಅಶೋಕ ಬರೆಸಿದ್ದು ಎರಡು ಸಾವಿರ ವರ್ಷ ದಾಟಿದರೂ ಓದಲು ಬರುತ್ತದೆ. ನಮ್ಮ ಮನೆಯ ಆಸ್ಪತ್ರೆ ಚೀಟಿ ಎರಡು ತಿಂಗಳಿಗೆ ಮಣ್ಣೆತ್ತಿನ ಅಮಾವಾಸ್ಯೆಯ ಕಸದಲ್ಲಿ ಹೋಗಿರುತ್ತದೆ!

ಖರ್ಚಿನ ಮಾತು. ನಮ್ಮ ಕಲಬುರಗಿ ವಿಭಾಗದಲ್ಲಿಯೇ 2010ರಲ್ಲಿ ಮೊದಲು ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಡ ಕುಟುಂಬಗಳ ಕ್ಯಾನ್ಸರ್ ಚಿಕಿತ್ಸೆಯ ವೆಚ್ಚ ಭರಿಸುತ್ತಿತ್ತು. 2018ರಿಂದ ಅದರ ಸ್ಥಾನದಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಬಂದಿದೆ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಮೊದಲು ತಾಲ್ಲೂಕು ಆಸ್ಪತ್ರೆಗೋ ರಾಯಚೂರಿನ ರಿಮ್ಸ್ ಆಸ್ಪತ್ರೆಗೋ ಹೋಗಿ ತೋರಿಸಿ, ಅಲ್ಲಿಂದ ಶಿಫಾರಸು ಚೀಟಿ ಪಡೆಯಿರಿ. ಕ್ಯಾನ್ಸರಿಗೇ ಮೀಸಲಾದ ಸರಕಾರಿ ಆಸ್ಪತ್ರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ. ಅದರ ಒಂದು ಕೇಂದ್ರ ಕಲಬುರಗಿಯಲ್ಲಿಯೂ ಇದೆ. ಚಿಕಿತ್ಸೆಯ ನಂತರದ ರಕ್ತಪರೀಕ್ಷೆಗೆ ಹಣ ಕೊಡಬೇಕೋ ಬೇಡವೋ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿಕೊಳ್ಳಿ.

(ಭಾಷಣದ ತರುವಾಯ ರೈತರೊಬ್ಬರು ಕೇಳಿದ ಪ್ರಶ್ನೆ ಮತ್ತು ಉತ್ತರ)

"ಸಾಹೇಬ್ರ, ನಮ್ಮ ಅಣ್ಣಗ ಆಪರೇಷನ್ ಆಗಿ ಒಂದೂವರಿ ವರ್ಷ ಆತ್ರಿ. ಮೂರು ಸಲ ರಕ್ತ ಕೊಟ್ಟಾನ. 2.1, 2.4, ಈಗ 4.6 ಬಂದೈತಿ. ಮೂರೂ ಐದರ ಒಳಗ ಅದಾವಲ್ರಿ. ನಾಟಿ ಟೈಮು, ಇನ್ನ ಯಾಕ ಹೋಗಬೇಕು ಅಂತಾನ."

ಉತ್ತರ: ಐದರೊಳಗಿದೆ ಎಂಬುದೊಂದೇ ಸಾಲದಪ್ಪಾ. 2.1ರಿಂದ 2.4ಕ್ಕೆ ಹೋದದ್ದು ಏರಿಕೆಯಲ್ಲ. ಯಂತ್ರದಲ್ಲಿ ಅಷ್ಟು ಹೆಚ್ಚುಕಡಿಮೆ ಇರುತ್ತದೆ. 4.6 ಮಾತ್ರ ಹಿಂದಿನದರ ಸುಮಾರು ಎರಡರಷ್ಟು. ಅದೇ ಲ್ಯಾಬಿನಲ್ಲಿ ಮಾಡಿಸಿದ್ದೋ ಕೇಳಿ. ಮತ್ತೆ ಬೀಡಿ ಶುರು ಮಾಡಿದ್ದಾನೋ ಅದನ್ನೂ ಕೇಳಿ. ರೋಗ ಬಂತೆಂದು ನಾನು ಹೇಳುತ್ತಿಲ್ಲ. ಕೆಲವು ವಾರ ಬಿಟ್ಟು ಇನ್ನೊಮ್ಮೆ ರಕ್ತ ನೋಡಿ, ಏರಿಕೆ ನಿಜವಾದರೆ ಸ್ಕ್ಯಾನ್ ಮಾಡುತ್ತಾರೆ. ಅದನ್ನು ತೀರ್ಮಾನಿಸುವವರು ಆಪರೇಷನ್ ಮಾಡಿದ ವೈದ್ಯರು. ಅವರು ಕೊಟ್ಟ ಮುಂದಿನ ತಾರೀಖಿಗೆ ಕಾಯದೆ ಈ ವಾರವೇ ಕರೆದುಕೊಂಡು ಹೋಗಿ. ನಾಟಿಯನ್ನು ನೀವು ನೋಡಿಕೊಳ್ಳಿ. ಹೋಗುವಾಗ ಮೂರೂ ಚೀಟಿ ಜೊತೆಗಿರಲಿ.